ತಿಪ್ಪವ್ವ ಕೊಟ್ಟ ಸ್ನಾಯು

ಹೊನವಾಡದ ಯಶೋಧರಾ ವಿಜಯಪುರದ ಒಂದು ಕಾಲೇಜಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಳು. ನಾವು ತಿಂದದ್ದು ಜೀವಕೋಶದ ಮೈಟೊಕಾಂಡ್ರಿಯಾದೊಳಗೆ ಎಷ್ಟು ಶಕ್ತಿಯಾಗಬೇಕು ಎಂಬುದನ್ನು ಹಿಡಿತದಲ್ಲಿಡುವ ಒಂದು ಕಿಣ್ವವಿದೆ. ಸಕ್ಕರೆ ಕಾಯಿಲೆಯವರ ಸ್ನಾಯುವಿನಲ್ಲಿ ಅದು ಕಡಿಮೆಯಾಗುತ್ತದೆಯೇ ಎಂದು ನೋಡುವುದು ಅವಳ ಕೆಲಸ. ಅದಕ್ಕೆ ಆ ಕಿಣ್ವಕ್ಕಷ್ಟೇ ಅಂಟಿಕೊಳ್ಳುವ ಆ್ಯಂಟಿಬಾಡಿ ಬೇಕು. ಅಂಟಿದಲ್ಲಿ ಕಪ್ಪು ಗೆರೆ ಮೂಡುತ್ತದೆ.

ಸ್ನಾಯು ಸಿಗುವುದೇ ಕಷ್ಟ. ಸಕ್ಕರೆ ಕಾಯಿಲೆಯಿಂದ ಘೋಣಸಗಿಯ ಮುದುಕಿ ತಿಪ್ಪವ್ವನ ಕಾಲು ಕೊಳೆತು, ಮೊಣಕಾಲ ಕೆಳಗೆ ತೆಗೆಯಲೇಬೇಕಾದಾಗ ಯಶೋಧರಾ ಆಸ್ಪತ್ರೆಯ ಮಂಚದ ಪಕ್ಕ ಕೂತು, ತೆಗೆದ ಕಾಲಿನ ಸ್ನಾಯುವನ್ನು ಸಂಶೋಧನೆಗೆ ಕೊಡುವಿರಾ ಎಂದು ಕೇಳಿದ್ದಳು.

"ತಗೋ ಯವ್ವಾ, ಹೆಂಗೂ ಹೋಗೂ ಕಾಲು. ನನ್ನ ಮೊಮ್ಮಕ್ಕಳಿಗಿ ಈ ಬ್ಯಾನಿ ಬರಲಾರದಂಗ ಏನರ ಕಂಡಹಿಡಿ," ಎಂದಿದ್ದಳು ತಿಪ್ಪವ್ವ.

ಮಾರ್ಗದರ್ಶಕಿ ಶಾಂಭವಿ ಮೇಡಂ ಎಚ್ಚರಿಸಿದ್ದರು: "ಮೊದಲ ಆ ಕಿಣ್ವ ಇಲ್ಲದ ಜೀವಕೋಶದ ಮ್ಯಾಲ ಆ್ಯಂಟಿಬಾಡಿ ಹಾಕಿ ನೋಡವಾ. ಅಲ್ಲೂ ಗೆರಿ ಬಂತಂದ್ರ, ಅದು ಬ್ಯಾರೆ ಯಾವುದಕ್ಕೋ ಅಂಟಾಕತ್ತದ ಅಂತ ತಿಳಿ."

ಅಂಥ ಜೀವಕೋಶ ಹೊರಗಿನಿಂದ ತರಿಸಬೇಕಿತ್ತು, ತಡವಾಗುತ್ತಿತ್ತು. ಅವಳು ಫಲಿತಾಂಶ ಮಂಡಿಸಬೇಕಿದ್ದ ಪುಣೆಯ ಸಮ್ಮೇಳನ ಹತ್ತಿರ ಬಂದಿತ್ತು. ಯಶೋಧರಾ ಕಾಯದೆ ನೇರವಾಗಿ ಸ್ನಾಯುವಿಗೇ ಆ್ಯಂಟಿಬಾಡಿ ಹಾಕಿದಳು. ಗೆರೆಗಳು ದಟ್ಟವಾಗಿ ಬಂದವು. ಆ ಹುರುಪಿನಲ್ಲಿ ಮತ್ತೆ ಮತ್ತೆ ಪ್ರಯೋಗ ಮಾಡಿ, ತಿಪ್ಪವ್ವನ ಸ್ನಾಯುವನ್ನೆಲ್ಲ ಅರೆದು ಮುಗಿಸಿದಳು. ಪುಣೆಯಲ್ಲಿ ಚಪ್ಪಾಳೆಯೂ ಬಿತ್ತು.

ಮರಳಿ ಬಂದಮೇಲೆ ಆ ಜೀವಕೋಶಗಳು ಬಂದವು. ಕಿಣ್ವವೇ ಇಲ್ಲದ ಅವುಗಳಲ್ಲೂ ಅಷ್ಟೇ ಕಪ್ಪು ಗೆರೆ.

ಶಾಂಭವಿ ಮೇಡಂ ಬೈಯಲಿಲ್ಲ. "ಹೊಸಾ ಆ್ಯಂಟಿಬಾಡಿ ತರಸೂಣು. ಆದ್ರ ತಿಪ್ಪವ್ವನ ಸ್ನಾಯು ಎಲ್ಲಿಂದ ತರೂಣು?" ಎಂದರು.

ಹೇಳದೆ ಇರಲು ಮನಸ್ಸೊಪ್ಪದೆ ಯಶೋಧರಾ ಘೋಣಸಗಿಗೆ ಹೋದಳು. ತಿಪ್ಪವ್ವ ಬಾಗಿಲ ಮುಂದೆ ಕೂತು ತೊಗರಿ ಹಸನು ಮಾಡುತ್ತಿದ್ದಳು. ಎಲ್ಲ ಕೇಳಿಸಿಕೊಂಡು ಕೈ ನಿಲ್ಲಿಸಿದಳು.

"ಅಂದ್ರ ಅದು ಹಾಳಾತೇನು?"

"ಹೂಂ ಬೇ. ನಾ ಅವಸರ ಮಾಡೀನಿ. ತಪ್ಪು ನಂದ."

"ಕಾಲು ಕೊಯ್ಯೂ ದಿನಾ ಭಾಳ ಅಂಜಿದ್ದೆ ಯವ್ವಾ. ಯಾರಿಗರ ಉಪಯೋಗ ಆಗತೈತಿ ಅನ್ನೂದೊಂದು ಧೈರ್ಯ ಇತ್ತು."

ಸಿಟ್ಟಿನ ಮಾತಲ್ಲ ಅದು. ಬೈದಿದ್ದರೆ ಯಶೋಧರಾಳಿಗೆ ಹಗುರಾಗುತ್ತಿತ್ತೇನೋ. ತಿಪ್ಪವ್ವ ಸೊಸೆಯನ್ನು ಕೂಗಿ ಚಹಾ ಮಾಡಿಸಿದಳು.

ಪುಣೆಯಲ್ಲಿ ಹೇಳಿದ್ದನ್ನು ಯಶೋಧರಾ ಹಿಂತೆಗೆದುಕೊಂಡಳು. ಹೊಸ ಆ್ಯಂಟಿಬಾಡಿಯನ್ನು ಮೊದಲು ಪರೀಕ್ಷಿಸಿ, ಬೇರೆ ರೋಗಿಗಳ ಸ್ನಾಯುವಿನಲ್ಲಿ ಕೆಲಸ ಮುಗಿಸಿದಳು. ಪದವಿ ಬಂತು. ಈಗ ಬಬಲೇಶ್ವರದಲ್ಲಿ ಪಾಠ ಹೇಳುತ್ತಾಳೆ. ಊರಿಗೆ ಹೋಗುವಾಗ ಕೆಲವೊಮ್ಮೆ ತಿಕೋಟಾದಲ್ಲಿ ಇಳಿದು, ತಿಪ್ಪವ್ವನನ್ನು ಕಾಣಲೆಂದು ಘೋಣಸಗಿಯ ಬಸ್ಸಿಗೆ ನಿಲ್ಲುತ್ತಾಳೆ. ಬಸ್ಸು ಬಂದರೂ ಹತ್ತಲಾಗದೆ, ಹೊನವಾಡದ ಬಸ್ಸು ಹಿಡಿಯುತ್ತಾಳೆ.