ಹತ್ತದ ಬಲ್ಬಿನ ತಂತಿ

ವೋಲ್ಟೇಜ್ ಎಂದರೇನು ಎಂದು ತರಬೇತಿಯ ಮೇಡಂ ಕೇಳಿದಾಗ ನಾನು ಥಟ್ಟನೆ, "ಮೋಟಾರ್ ಸುಡೂದ್ರಿ" ಎಂದಿದ್ದೆ. ಎಲ್ಲರೂ ಘೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ನಮ್ಮೂರು ಕರಜಗಿಯಲ್ಲಿ ಆ ಮಾತು ಕಿವಿಗೆ ಬೀಳುವುದೇ ಮೋಟಾರ್ ಸುಟ್ಟಾಗ. ವೋಲ್ಟೇಜ್ ಕಡಿಮೆಯಾಯಿತು, ಮೋಟಾರ್ ಸುಟ್ಟಿತು, ಕಬ್ಬು ಬಾಡಿತು. ಅದರಾಚೆಗೆ ಯಾರು ಕೇಳಲು ಹೋಗಿದ್ದರು?

ಸ್ವಸಹಾಯ ಸಂಘದ ಹೆಂಗಸರಿಗೆ ಮನೆ ವೈರಿಂಗ್ ಕಲಿಸುತ್ತಾರೆಂದು ಅಫಜಲಪುರಕ್ಕೆ ದಿನಾಲೂ ಟಂಟಂ ಆಟೋದಲ್ಲಿ ಹೋಗಿ ಬರುತ್ತಿದ್ದೆ. ಗಂಡ ಲಾರಿ ಓಡಿಸುವವರು, ಊರಲ್ಲಿರುವುದು ಅಪರೂಪ. ಅವರು ಫೋನಿನಲ್ಲೇ ಹೂಂ ಎಂದಿದ್ದರು. ಹೊಲ ನಡೆಸುವವರು ಅತ್ತೆ. ಅವರಿಗೆ ಇದು ಸುತರಾಂ ಇಷ್ಟವಿರಲಿಲ್ಲ. "ನಾಳಿ ಕಂಬಾನೂ ಹತ್ತತೀ ಏನ್ ಬೇ? ಅದಕ್ಕಿಂತ ಕಬ್ಬಿನಾಗ ಕಸಾ ತಗಿ" ಎಂದು ಬೆಳಿಗ್ಗೆ ನಾನು ಬುತ್ತಿ ಕಟ್ಟಿಕೊಳ್ಳುವ ಹೊತ್ತಿಗೆ ಸರಿಯಾಗಿ ಅನ್ನುತ್ತಿದ್ದರು. ನಾನೂ ಸುಮ್ಮನಿರುವವಳಲ್ಲ. ಪಾತ್ರೆಗಳನ್ನು ದಬದಬ ಇಟ್ಟು ಹೊರಡುತ್ತಿದ್ದೆ.

ಮೇಡಂ ಜೇವರ್ಗಿ ಕಡೆಯವರು, ನನಗಿಂತ ಚಿಕ್ಕವರು. ಆ ದಿನ ಅವರು ಹಲಗೆಯ ಮೇಲೆ ಒಂದು ಬಲ್ಬು ಕೂರಿಸಿ ಎರಡು ತಂತಿ ಜೋಡಿಸಿದರು. ಬಲ್ಬು ಹತ್ತಿತು. ಆಮೇಲೆ ಬಲ್ಬಿನಿಂದ ವಾಪಸ್ ಹೋಗುವ ತಂತಿಯನ್ನು ಆಚೆ ತುದಿಯಲ್ಲಿ ಕಿತ್ತರು. ಬಲ್ಬು ಆರಿತು.

"ಈಗ ಈ ಕಿತ್ತ ತಂತಿ ಹಿಡೀಬೋದೇನ್ರಿ?" ಎಂದು ಕೇಳಿದರು.

ಹಿಡಿಯಬಹುದೆಂದು ನಾವೆಲ್ಲ ಒಟ್ಟಿಗೆ ಕೂಗಿದೆವು. ದೀಪವೇ ಆರಿದ ಮೇಲೆ ಭಯವೇನು? ಮೇಡಂ ಆ ತುದಿಗೆ ಟೆಸ್ಟರ್ ಮುಟ್ಟಿಸಿದರು. ಟೆಸ್ಟರಿನೊಳಗೆ ಕೆಂಪು ದೀಪ ಹತ್ತಿತು.

"ತಳ್ಳೂದು ವೋಲ್ಟೇಜು, ಹರಿಯೂದು ಕರೆಂಟು. ಬಲ್ಬ್ ಹತ್ತಿಲ್ಲಂದ್ರ ಹರಿಯಾಕತ್ತಿಲ್ಲ ಅಂತ ಅಷ್ಟೇ ಅರ್ಥರಿ. ತಳ್ಳೂದು ನಿಂತಿಲ್ಲ. ಬಲ್ಬಿನಾಗಿಂದ ದಾಟಿ ಈ ತುದಿಗಿ ಬಂದು ನಿಂತದ. ಹಾದಿ ಸಿಗಲಿ ಅಂತ ಕಾಯ್ತದ. ನೀವು ಮುಟ್ಟಿದ್ರೋ, ನೀವೇ ಹಾದಿ."

ನಂತರ ಅವರು ಏನೇನೋ ಹೇಳಿದರು. ಯಾರಿಗಾದರೂ ಕರೆಂಟ್ ಹೊಡೆದರೆ ಮನುಷ್ಯರ ಕಡೆ ಓಡಬೇಡಿ, ಸ್ವಿಚ್ಚಿನ ಕಡೆ ಓಡಿ ಎಂದದ್ದು ನೆನಪಿದೆ. ಉಳಿದದ್ದು ನನ್ನ ತಲೆಗೆ ಹೋಗಲಿಲ್ಲ. ನನಗೆ ನಮ್ಮ ಹೊಲದ ಮನೆಯ ಬಲ್ಬು ಕಣ್ಣೆದುರು ಬಂದಿತ್ತು.

ನಮ್ಮ ಹೊಲಕ್ಕೆ ಬರುವುದು ಮೋಟಾರಿನ ಮೂರು ತಂತಿ ಮಾತ್ರ. ಮನೆಗೆ ಬರುವ ಹಾಗೆ ವಾಪಸ್ ಹೋಗುವ ತಂತಿ ಅಲ್ಲಿಲ್ಲ. ಹೀಗಾಗಿ ನಮ್ಮಲ್ಲಿ ಎಲ್ಲರೂ ಮಾಡುವುದು ಒಂದೇ: ಮೋಟಾರಿನ ಡಬ್ಬಿಯಿಂದ ಒಂದು ತಂತಿ ಎಳೆದು ಬಲ್ಬಿಗೆ ಕೊಡುವುದು, ಬಲ್ಬಿನಿಂದ ಇನ್ನೊಂದು ತಂತಿ ತಂದು ನೆಲಕ್ಕೆ ಹೊಡೆದ ಕಬ್ಬಿಣದ ಗೂಟಕ್ಕೆ ಸುತ್ತುವುದು. ಭೂಮಿಯೇ ವಾಪಸ್ ಹೋಗುವ ಹಾದಿ. ನೆಲ ಒಣಗಿದರೆ ಬಲ್ಬು ಮಂಕಾಗುತ್ತದೆ. ಆಗ ಗೂಟದ ಬುಡಕ್ಕೆ ಒಂದು ಕೊಡ ನೀರು ಹೊಯ್ಯುತ್ತಾರೆ. ಬಲ್ಬು ಮತ್ತೆ ಝಗ್ಗೆನ್ನುತ್ತದೆ. ತುಳಸಿಗೆ ನೀರು ಹಾಕಿದಷ್ಟೇ ಸಹಜವಾಗಿ ಅತ್ತೆ ಸಂಜೆ ಆ ಗೂಟಕ್ಕೆ ನೀರು ಹಾಕುತ್ತಿದ್ದರು. ನೀರು ಹಾಕಿದರೂ ಹತ್ತದಿದ್ದರೆ ತಂತಿ ಹಿಡಿದು ಬಿಗಿಯಾಗಿ ಸುತ್ತುತ್ತಿದ್ದರು. ದೀಪ ಹತ್ತಿ ಕೈ ಜುಮ್ಮೆಂದರೆ ಅವರಿಗೆ ಸಮಾಧಾನ. "ಹಾಂ, ಅದ ಅದ" ಅನ್ನುತ್ತಿದ್ದರು.

ಆ ಸಂಜೆ ಟಂಟಂ ನಮ್ಮ ಹೊಲದ ಹತ್ತಿರ ನಿಲ್ಲುವ ಹೊತ್ತಿಗೆ ಬೆಳಕು ಇಳಿದಿತ್ತು. ರಸ್ತೆಯ ಪಕ್ಕಕ್ಕೇ ನಮ್ಮ ಬಾವಿ. ಮೋಟಾರ್ ಗುಂಯ್ಗುಡುತ್ತಿತ್ತು, ಕಾಲುವೆಯಲ್ಲಿ ನೀರು ಓಡುತ್ತಿತ್ತು. ಕರೆಂಟ್ ಇದೆ ಎನ್ನುವುದರಲ್ಲಿ ಅನುಮಾನವೇ ಇಲ್ಲ. ಆದರೆ ದೂರದಲ್ಲಿ ತಗಡಿನ ಪತ್ರಾಸು ಹೊದಿಸಿದ ಹೊಲದ ಮನೆಯ ಮುಂದಿನ ಬಲ್ಬು ಹತ್ತಿರಲಿಲ್ಲ. ಮನೆಯ ಪಕ್ಕದಲ್ಲಿ ಅತ್ತೆ ಬರಿಗಾಲಲ್ಲಿ ನಿಂತು ಗೂಟಕ್ಕೆ ಕೊಡ ಬಗ್ಗಿಸುತ್ತಿದ್ದರು.

"ಅತ್ತೀ! ಬ್ಯಾಡ್ರೀ! ಕೈ ಹಚ್ಚಬ್ಯಾಡ್ರೀ!"

ಕಬ್ಬು ಹೇರಿದ ಟ್ರ್ಯಾಕ್ಟರ್ ಹಾಡು ಹಚ್ಚಿಕೊಂಡು ನನ್ನ ಹಿಂದೆಯೇ ಹೋಗುತ್ತಿತ್ತು. ನನ್ನ ಕೂಗು ನನಗೇ ಕೇಳಲಿಲ್ಲ. ಅತ್ತೆ ಖಾಲಿ ಕೊಡ ಕೆಳಗಿಟ್ಟರು, ಬಲ್ಬಿನ ಕಡೆ ನೋಡಿದರು. ಆಮೇಲೆ ಬಗ್ಗಿ ನೆಲದ ಮೇಲೆ ಏನನ್ನೋ ಹುಡುಕತೊಡಗಿದರು. ತಂತಿ ಗೂಟದಿಂದ ಕಿತ್ತುಹೋಗಿದೆ, ಅದರ ತುದಿ ಹುಡುಕುತ್ತಿದ್ದಾರೆ ಎಂದು ನನಗೆ ಹೊಳೆಯಿತು.

ಕಾಲು ಅವರ ಕಡೆಗೇ ಎಳೆಯಿತು. ಎರಡು ಹೆಜ್ಜೆ ಓಡಿಯೂ ಬಿಟ್ಟಿದ್ದೆ. ಆಮೇಲೆ ಮೇಡಂ ಮಾತು ನೆನಪಾಗಿ ತಿರುಗಿ ಬಾವಿಯ ಕಡೆ ಓಡಿದೆ. ಅತ್ತೆಗೆ ಬೆನ್ನು ಹಾಕಿ ಓಡುವುದು ಎಷ್ಟು ಕಷ್ಟವೆಂದು ಹೇಳಲಾರೆ. ಹಿಂದೆ ಏನಾಗುತ್ತಿದೆಯೋ ಕಾಣುವುದಿಲ್ಲ.

ಬಾವಿಯ ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಹಿಡಿಕೆ ಸಡಿಲಾಗಿ ತಾನೇ ಕೆಳಗೆ ಬೀಳುತ್ತಿತ್ತು. ಬೀಳದಿರಲೆಂದು ಅತ್ತೆಯೇ ಅದಕ್ಕೆ ಸುತಳಿ ಹಾಕಿ ಮೇಲಕ್ಕೆ ಬಿಗಿದಿದ್ದರು. ಗಂಟಿನ ಮೇಲೆ ಗಂಟು. ಬಿಚ್ಚಲು ಹೋದರೆ ಗಂಟಿನೊಳಗೆ ಉಗುರು ಹೋಗಲಿಲ್ಲ. "ಯಾಕರ ಇಷ್ಟು ಬಿಗೀತೀ ಮುದುಕೀ" ಎಂದು ಅಳುತ್ತಲೇ ಬೈದೆ. ಕೊನೆಗೆ ಒಂದು ಗಂಟು ಸಡಿಲಿತು. ಸುತಳಿ ಸಮೇತ ಹಿಡಿಕೆಯನ್ನು ಜಗ್ಗಿ ಕೆಳಗೆ ಎಳೆದೆ. ಮೋಟಾರ್ ನಿಂತಿತು.

ತಿರುಗಿ ನೋಡಿದೆ. ಅತ್ತೆ ನಿಂತೇ ಇದ್ದರು. ಕೈಯಲ್ಲಿ ತಂತಿ.

"ಯಾರಲೇ ಅವ ಮೋಟಾರ್ ಬಂದ್ ಮಾಡಿದಾವ?" ಎಂದು ಅಲ್ಲಿಂದಲೇ ಗದರಿದರು. ಆ ಬೈಗುಳದಷ್ಟು ಹಿತವಾದ ಮಾತನ್ನು ನಾನು ಆ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ.

ಓಡಿ ಹೋಗಿ ಹೇಳಿದರೆ ಅವರು ನಂಬಲಿಲ್ಲ. "ಎಮ್ಮಿ ಕಾಲಿಗಿ ಸಿಕ್ಕು ಕಿತ್ತದ, ಅಷ್ಟೇ. ಇಲ್ನೋಡು, ಹಿಡ್ಕೊಂಡೇನಿ. ಏನಾತು?"

"ನಾ ಬಂದ್ ಮಾಡೇನಲ್ರಿ, ಅದಕ್ಕ ಏನೂ ಆಗಿಲ್ರಿ."

"ನೀ ಬಂದ್ ಮಾಡೂಕಿಂತ ಮೊದಲೂ ದೀಪ ಹತ್ತಿದ್ದಿಲ್ಲ. ಹತ್ತಲಾರದ ದೀಪದಾಗ ಕರೆಂಟ್ ಎಲ್ಲಿಂದ ಬರಬೇಕು? ಭಾಳ ಶ್ಯಾಣ್ಯಾಕಿ ಆಗೀದಿ. ಹೋಗು, ಹಚ್ಚು. ಕಬ್ಬಿಗಿ ನೀರು ನಿಂತದ. ನಾ ಇದನ್ನ ಸುತ್ತತೇನಿ."

ನನಗೆ ತಡೆಯಲಾಗದಷ್ಟು ಸಿಟ್ಟು ಬಂತು. ಉಳಿದ ಜೀವಕ್ಕೆ ಸಾಕ್ಷಿ ಎಲ್ಲಿಂದ ತರಲಿ? ಇಂದು ಬಿಟ್ಟರೆ ನಾಳೆ ನಾನಿಲ್ಲದಾಗ ಮತ್ತೆ ಇದೇ ಕೈ, ಇದೇ ತಂತಿ. ಅವರ ಕೈಯಿಂದ ತಂತಿ ಕಸಿದು, ಒದ್ದೆ ನೆಲದಿಂದ ದೂರ ಒಂದು ಒಣ ಹಲಗೆಯ ಮೇಲೆ ತುದಿ ಇಟ್ಟೆ. ಅತ್ತೆಯ ರಟ್ಟೆ ಹಿಡಿದು ನನ್ನ ಜೊತೆಗೇ ಬಾವಿಯವರೆಗೆ ಕರೆದುಕೊಂಡು ಹೋದೆ. ರಸ್ತೆಯಲ್ಲಿ ಹೋಗುವವರೆದುರು ಸೊಸೆ ಎಳೆದಾಡುತ್ತಾಳೆಂದು ಅವರು ಗೊಣಗುತ್ತಲೇ ಬಂದರು. ಸ್ವಿಚ್ ಹಾಕಿ ಸುತಳಿ ಬಿಗಿದೆ. ಮತ್ತೆ ಅದೇ ರಟ್ಟೆ ಹಿಡಿದು ವಾಪಸ್ ತಂದು, ಹಲಗೆಯಿಂದ ದೂರ ನಿಲ್ಲಿಸಿ, ಚಪ್ಪಲಿ ಕಾಲಲ್ಲಿ ಕೂತು, ತರಬೇತಿಯಲ್ಲಿ ಕೊಟ್ಟಿದ್ದ ಟೆಸ್ಟರನ್ನು ತಂತಿಯ ತುದಿಗೆ ಮುಟ್ಟಿಸಿದೆ.

ಕೆಂಪು ಹತ್ತಿತು. ಮನೆ ಮುಂದಿನ ಬಲ್ಬು ಕಪ್ಪಗೇ ಇತ್ತು.

"ನೋಡಿದ್ರಿಲ್ಲ?" ಎಂದೆ. ಗೆದ್ದ ಖುಷಿ ನನ್ನ ದನಿಯಲ್ಲಿತ್ತು, ಮುಚ್ಚಿಡಲಾರೆ. ಅವರು ಮತ್ತೆ ಬೈಯುತ್ತಾರೆ, ನಾನೂ ಉತ್ತರ ಕೊಡಬೇಕು ಎಂದು ಕಾದೆ. ಅತ್ತೆ ಬಲ್ಬು ನೋಡಿದರು, ಟೆಸ್ಟರ್ ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

"ನಿಮ್ಮ ಮಾವ ಹೋದ ದಿನಾನೂ ದೀಪ ಹತ್ತಿದ್ದಿಲ್ಲ" ಎಂದರು.

ನಾನು ಮದುವೆಯಾಗಿ ಬರುವ ಮೊದಲೇ ಮಾವ ತೀರಿಹೋಗಿದ್ದರು. ಹೊಲದಲ್ಲಿ ಎದೆನೋವು ಬಂದು ಬಿದ್ದರೆಂದು ನಾನು ಕೇಳಿದ್ದೆ.

"ಇಲ್ಲೇ ಗೂಟದ ಬಾಜೂಕ ಬಿದ್ದಿದ್ರು. ಕರೆಂಟ್ ಹೊಡದದೇನು ಅಂತ ನಾನೇ ಕೇಳಿದ್ದೆ. ದೀಪ ಹತ್ತಿಲ್ಲ, ಕರೆಂಟ್ ಹ್ಯಾಂಗ ಹೊಡೀತದ ಅಂದ್ರು ಎಲ್ಲಾರೂ. ಎದಿ ನಿಂತದ ಅಂದ್ರು." ನನ್ನ ಮುಖ ನೋಡಿದರು. "ಹತ್ತಲಾರದಾಗೂ ಹೊಡೀತದೇನು ಹಂಗಾರ?"

ಸುಳ್ಳು ಹೇಳಬೇಕೆನ್ನಿಸಿತು. ಟೆಸ್ಟರ್ ಇನ್ನೂ ನನ್ನ ಕೈಯಲ್ಲಿತ್ತು.

"ಹೊಡೀತದ್ರಿ" ಎಂದೆ.

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ದೀಪ ಹತ್ತವಲ್ದು, ನೀರ್ ಹಾಕಿ ಬರ್ರಿ ಅಂತ ಅವರನ್ನ ಕಳಿಸಿದಾಕಿ ನಾನೇ ಬೇ" ಎಂದರು.