ಭುಜಂಗನ ಗಂಟಲು ತಗ್ಗಿದ ದಿನ

ಭುಜಂಗನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಅವನ ಬಾಗಿಲೂ ನನ್ನ ಬಾಗಿಲೂ ಎದುರುಬದುರು. ಹನ್ನೊಂದು ವರ್ಷಗಳಿಂದ ಅವನು ಟವೆಲು ಕೇಳಿದ್ದು, ಅವನ ಮನೆಯ ಸಾರಿಗೆ ಉಪ್ಪು ಹೆಚ್ಚಾದದ್ದು, ಎಲ್ಲವೂ ನನಗೆ ಬೇಡವೆಂದರೂ ಗೊತ್ತಾಗುತ್ತ ಬಂದಿದೆ. ಅದು ಹೋಟೆಲಿನ ಗಂಟಲು. ಕುಂದಾಪುರದ ಕಡೆಯ ಹಳ್ಳಿಯಿಂದ ಹದಿನಾಲ್ಕನೇ ವಯಸ್ಸಿಗೆ ಅಂಬರನಾಥಕ್ಕೆ ಬಂದು, ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಟ್ಟೆ ತೊಳೆದು, ಶಹಾಡಿನಲ್ಲಿ ಮಾಣಿಯಾಗಿ, ಈಗ ಠಾಣೆ ಪಟ್ಟಣದ ನಾಕಾ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಮೇಲ್ವಿಚಾರಕನಾಗಿದ್ದಾನೆ. ಮೂವತ್ತು ವರ್ಷ ಅಡುಗೆಮನೆಯ ಕಿಂಡಿಗೆ ಕೂಗಿದವನಿಗೆ ಪಿಸುಮಾತು ಎಲ್ಲಿಂದ ಬರಬೇಕು?

ಆ ಹೋಟೆಲಿನಲ್ಲಿ ಒಂದು ಪದ್ಧತಿ. ಗಿರಾಕಿಯ ಹತ್ತಿರ ಮರಾಠಿ, ಹಿಂದಿ. ಗಿರಾಕಿಗೆ ತಿಳಿಯಬಾರದ್ದಕ್ಕೆ ಕನ್ನಡ. ನಾನೇ ಒಮ್ಮೆ ಅಲ್ಲಿ ಕೂತಿದ್ದಾಗ ಭುಜಂಗ ಪಕ್ಕದ ಮೇಜಿನವರಿಗೆ "ಅಭೀ ಗರಮ್ ಲಾತಾ ಹೂಂ ಸಾಬ್" ಎಂದು ನಕ್ಕು, ಅದೇ ಉಸಿರಿನಲ್ಲಿ ಒಳಗೆ, "ಬೆಳಿಗ್ಗಿದ್ದೇ ವಡೆ ಇತ್ತಲ್ದಾ, ಅದ್ನೇ ಎಣ್ಣೆಗ್ ಹಾಕಿ ಕೊಡ್ರಾ" ಎಂದು ಕೂಗಿದ. ಪಾಪ, ಆ ಗಿರಾಕಿ ತನ್ನ ಬಗ್ಗೆ ಏನೋ ಒಳ್ಳೆಯ ಮಾತಾಯಿತೆಂದು ಸಂತೋಷದಿಂದ ಕೂತಿದ್ದ. ನಾನು ಬಿದ್ದು ಬಿದ್ದು ನಕ್ಕೆ.

ಭುಜಂಗ, ಸ್ವರ್ಣಲತಾ ದಂಪತಿಗೆ ಒಬ್ಬಳೇ ಮಗಳು, ಅನುಷ್ಕಾ. ಇಂಗ್ಲಿಷ್ ಶಾಲೆಯಲ್ಲಿ ಹಿಂದೆ ಬೀಳಬಾರದೆಂದು ಅವಳೊಡನೆ ಇಬ್ಬರೂ ಹಿಂದಿಯಲ್ಲೇ ಮಾತಾಡಿದರು. ಕುಂದಾಪುರದ ಕನ್ನಡ ಗಂಡ ಹೆಂಡತಿಯ ನಡುವೆ ಉಳಿಯಿತು. ಕನ್ನಡ ಸಂಘದಲ್ಲಿ ನಾನು ಭಾನುವಾರ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಧಾರವಾಡದವಳು, ಭಾಷೆಯ ವಿಷಯದಲ್ಲಿ ಮೂಗಿನ ಮೇಲೆ ಸಿಟ್ಟು. ಅನುಷ್ಕಾ ಮೂರು ವರ್ಷ ಬಂದಳು, ಒಂದು ದಿನವೂ ಕನ್ನಡಕ್ಕೆ ಬಾಯಿ ಬಿಡಲಿಲ್ಲ. ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ. ಕೊನೆಗೆ ಒಂದು ದಿನ ಮೆಟ್ಟಿಲಲ್ಲಿ ಸ್ವರ್ಣಲತಾಳನ್ನು ನಿಲ್ಲಿಸಿ, "ನಿಮ್ಮ ಹುಡುಗಿಗೆ ಕನ್ನಡ ಒಂದು ಅಕ್ಷರ ತಿಳಿಯೂದಿಲ್ಲ. ಸುಮ್ನ ಕಳಸಬ್ಯಾಡ್ರಿ" ಎಂದುಬಿಟ್ಟೆ. ಪ್ರಶ್ನೆಗಳು ಅವಳಿಗೆ ತಿಳಿದಿದ್ದರಿಂದಲೇ ಉತ್ತರ ಬರುತ್ತಿತ್ತು ಎಂಬುದು ಈ ಜಾಣೆಗೆ ಹೊಳೆಯಲಿಲ್ಲ.

ಎರಡು ಸಾವಿರದ ಒಂಬತ್ತರ ಜುಲೈನಲ್ಲಿ ಹುಡುಗಿಗೆ ಬಿಡದ ಜ್ವರ, ಕಾಲ ಮೇಲೆಲ್ಲ ನೀಲಿ ಕಲೆ. ಆಗ ಅವಳಿಗೆ ಒಂಬತ್ತು ವರ್ಷ. ಠಾಣೆಯ ಆಸ್ಪತ್ರೆಯಲ್ಲಿ ಡಾಕ್ಟರು ತಂದೆತಾಯಿಯನ್ನು ಒಳಗೆ ಕೂರಿಸಿಕೊಂಡು ರಕ್ತದ ಕ್ಯಾನ್ಸರ್ ಎಂದರು. ಎರಡೂವರೆ ವರ್ಷದ ಚಿಕಿತ್ಸೆ, ಅವಳಂಥ ನೂರು ಮಕ್ಕಳಲ್ಲಿ ಅರವತ್ತು ಮಕ್ಕಳು ಉಳಿಯುತ್ತಾರೆ ಎಂದರು. ಮಗುವಿಗೂ ಅವಳಿಗೆ ತಿಳಿಯುವ ಹಾಗೆ ಹೇಳಿ, ಇಲ್ಲದಿದ್ದರೆ ಒಬ್ಬಳೇ ಹೆದರುತ್ತಾಳೆ ಎಂದೂ ಹೇಳಿದರಂತೆ. ಭುಜಂಗ ಆ ಕೊನೆಯ ಮಾತನ್ನು ಬಾಗಿಲಲ್ಲೇ ಬಿಟ್ಟು ಬಂದ. ಮಗಳಿಗೆ ರಕ್ತ ಸ್ವಲ್ಪ ಕಡಿಮೆಯಿದೆ ಎಂದಷ್ಟೇ ಹೇಳಿದ, "ಕುಛ್ ನಹೀ ಬೇಟಾ, ಖೂನ್ ಥೋಡಾ ಕಮ್ ಹೈ."

ಆಮೇಲೆ ಅವಳ ಮಂಚದ ಪಕ್ಕದಲ್ಲೇ ನಿಂತು ಊರಿನ ಅಣ್ಣ ವಾಸುವಿಗೆ ಮೊಬೈಲಿನಲ್ಲಿ ಎಲ್ಲವನ್ನೂ ಒದರಿದ. ರೋಗದ ಹೆಸರು, ಅರವತ್ತರ ಲೆಕ್ಕ, ಪಕ್ಕದ ಮಂಚದ ಮಗು ಮೊನ್ನೆ ಹೋದದ್ದು, ಎಲ್ಲ.

"ಹ್ವಾಯ್, ಮೆಲ್ಲ. ಹೆಣ್ಣ್ ಇಲ್ಲೇ ಇತ್ತ್," ಎಂದಳು ಸ್ವರ್ಣಲತಾ.

"ಅದಕ್ಕೆ ಎಲ್ಲಿ ತಿಳಿತ್ ಮಾರಾಯ್ತಿ? ಟೀಚರೇ ಹೇಳಿದ್ರಲ್ದಾ, ಕನ್ನಡ ಬತ್ತಿಲ್ಲೆ ಅಂದ್."

ನಾನು ಅಲ್ಲೇ ಸ್ಟೂಲಿನ ಮೇಲೆ ಮೋಸಂಬಿ ಸುಲಿಯುತ್ತಿದ್ದೆ. ಹೌದೆಂದು ತಲೆಯನ್ನೂ ಆಡಿಸಿದೆ.

ಅನುಷ್ಕಾ ಬಲು ಒಳ್ಳೆಯ ಹುಡುಗಿಯಾದಳು. ಬೆನ್ನಿಗೆ ಸೂಜಿ ಚುಚ್ಚುವಾಗ ದೊಡ್ಡವರೇ ಕಿರುಚುತ್ತಾರೆ; ಅವಳು ತುಟಿ ಕಚ್ಚಿಕೊಂಡು ಮಲಗುತ್ತಿದ್ದಳು. ಕೂದಲು ಉದುರಿದಾಗ ಕನ್ನಡಿ ಕೇಳಲಿಲ್ಲ. ಶಾಲೆಗೆ ಯಾವಾಗ ಹೋಗುವುದೆಂದೂ ಕೇಳಲಿಲ್ಲ. ನರ್ಸುಗಳು ಬಹಾದುರ್ ಎಂದರು, ನಾವೂ ಎಂದೆವು. ಅಕ್ಟೋಬರಿನಲ್ಲಿ ಅವಳು ತನ್ನ ಬಣ್ಣದ ಪೆನ್ನುಗಳನ್ನು ಗೆಳತಿಗೆ ಕಳಿಸಿದಳು. ಕಂಪಾಸ್ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ಟೀಚರ್, ಆಪ್ ರಖೋ" ಎಂದಳು. ಎಷ್ಟು ದೊಡ್ಡ ಮನಸ್ಸು ಎಂದು ನಾನು ಅದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದೆ. ನೆನೆಸಿಕೊಂಡರೆ ಈಗಲೂ ಮೈಮೇಲೆ ಮುಳ್ಳೇಳುತ್ತದೆ. ಆಮೇಲೆ ಅವಳು ಊಟ ಬಿಟ್ಟಳು. ತಾಯಿ ಗಂಜಿಯ ಚಮಚ ಹಿಡಿದು ಗೋಗರೆದರೂ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ದೀಪಾವಳಿ ಕಳೆದ ವಾರ ಒಂದು ಮಧ್ಯಾಹ್ನ ವಾಸು ಫೋನು ಮಾಡಿದ. ಅಣ್ಣನಿಗೆ ಧೈರ್ಯ ತುಂಬಲು ಭುಜಂಗ ಲೆಕ್ಕವನ್ನು ಸ್ವಲ್ಪ ಏರಿಸಿದ. "ನೂರಕ್ಕೆ ಎಪ್ಪತ್ತ್ ಅಂದ್ ಹೇಳಿರ್ ಅಣ್ಣಾ ಡಾಕ್ಟ್ರು. ಹೆದ್ರಕಂಬುದ್ ಬೇಡ."

ಗೋಡೆಯ ಕಡೆಯಿಂದ ಸಣ್ಣ ದನಿ ಬಂತು. "ಸಾಠ್ ಬೋಲಾ ಥಾ ಪಪ್ಪಾ."

ಅವಳು ತಿರುಗಲಿಲ್ಲ. ಎಪ್ಪತ್ತನ್ನು ಅರವತ್ತೆಂದು ತಿದ್ದಿದಳು, ಅಷ್ಟೆ. ಭುಜಂಗನ ಕಿವಿಯ ಹತ್ತಿರ ವಾಸು "ಹಲೋ, ಹಲೋ" ಎನ್ನುತ್ತಲೇ ಇದ್ದ. ನಾಲ್ಕು ತಿಂಗಳು ಆ ಮಗು ನಮ್ಮ ನಡುವೆಯೇ ಮಲಗಿಕೊಂಡು, ಎಲ್ಲವನ್ನೂ ಕೇಳಿ, ನಾವು ಮುಚ್ಚಿಟ್ಟಿದ್ದೇವೆಂದು ತಾನೂ ಮುಚ್ಚಿಟ್ಟುಕೊಂಡು ಒಬ್ಬಳೇ ಸಾವಿಗೆ ತಯಾರಾಗುತ್ತಿದ್ದಳು. ನನಗೆ ನೆಲ ಸೀಳಿ ಒಳಗೆ ಹೋಗಬೇಕೆನಿಸಿತು.

ಭುಜಂಗ ಹೊರಗೆ ಹೋದವನು ಎರಡು ದಿನ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಹೋಟೆಲಿನಲ್ಲಿ ರಶ್ ಎಂದು ಹೇಳಿ ಕಳಿಸಿದ. ಮೂರನೇ ದಿನ ಕಚೇರಿಗೆ ರಜೆ ಹಾಕಿ, ಲೋಕಲ್ ಹತ್ತಿ ಠಾಣೆಗೆ ಹೋದೆ. ಅವನು ಕಿಂಡಿಯ ಹತ್ತಿರ ನಿಂತಿದ್ದ, ಕೂಗುತ್ತಿರಲಿಲ್ಲ. ಆರ್ಡರನ್ನು ಚೀಟಿಯಲ್ಲಿ ಬರೆದು ಒಳಗೆ ತಳ್ಳುತ್ತಿದ್ದ.

"ನಾಚಿಕಿ ಆಗೂದಿಲ್ಲೇನ್ರೀ? ಅಲ್ಲಿ ಮಗಳು ಒಬ್ಬಾಕಿನ ಅದಾಳ," ಎಂದೆ. ಗಿರಾಕಿಗಳು ತಿರುಗಿ ನೋಡಿದರು. ನೋಡಲಿ.

"ಎಂತ ಮುಖ ಇಟ್ಕಂಡ್ ಹೋಪುದ್ ಟೀಚರ್? ಅದು ಕೇಂಡ್ರೆ ಎಂತ ಹೇಳುದ್?"

"ನನಗೂ ಗೊತ್ತಿಲ್ಲ. ನನ್ನ ಮಾತು ಕೇಳೇ ನೀವು ಹಿಂಗ ಮಾಡಿದ್ರಿ, ನಾನೂ ಬರ್ತೀನಿ. ಏಳ್ರಿ."

ಅವನು ಹೆಗಲ ಮೇಲಿನ ಬಟ್ಟೆಯನ್ನು ಮೇಜಿನ ಮೇಲೆ ಹಾಕಿ ಬಂದ.

ವಾರ್ಡಿನಲ್ಲಿ ಮಗಳ ಮಂಚದ ಅಂಚಿಗೆ ಕೂತವನು ಬಹಳ ಹೊತ್ತು ಹಾಸಿಗೆಯ ಮಡಿಕೆ ಸರಿಮಾಡುತ್ತಲೇ ಇದ್ದ. ಕೊನೆಗೆ ಅವಳೇ ಕೇಳಿದಳು. "ಪಪ್ಪಾ, ಮೈ ಚಾಲೀಸ್ ಮೇ ಹೂಂ ಕ್ಯಾ?"

ಉಳಿಯದ ನಲವತ್ತರಲ್ಲಿ ತಾನಿದ್ದೇನೆಯೇ ಎಂದು. ಸ್ವರ್ಣಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜಂಗ ಇಲ್ಲ ಎನ್ನುತ್ತಾನೆ, ಮತ್ತೆ ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಅವನು ಮಗಳೊಡನೆ ಮೊದಲ ಸಲ ಕನ್ನಡದಲ್ಲಿ ಮಾತಾಡಿದ. ಆ ಗಂಟಲಿನಿಂದ ಅಷ್ಟು ತಗ್ಗಿದ ದನಿ ನಾನು ಕೇಳಿದ್ದೂ ಅದೇ ಮೊದಲು.

"ನಂಗೊತ್ತಿಲ್ಲೆ ಮಗಾ. ಡಾಕ್ಟ್ರಿಗೂ ಗೊತ್ತಿಲ್ಲೆ. ನಂಗೂ ಹೆದ್ರಿಕೆ ಆತ್ತ್."

ಅನುಷ್ಕಾ ಅವನ ಮುಖವನ್ನೇ ನೋಡಿದಳು. ಆಮೇಲೆ ಅತ್ತಳು. ನಾಲ್ಕು ತಿಂಗಳ ಸೂಜಿಗಳಿಗೆಲ್ಲ ಸೇರಿಸಿ, ನರ್ಸು ಓಡಿ ಬರುವ ಹಾಗೆ, ಅಪ್ಪನ ಅಂಗಿ ಹಿಡಿದೆಳೆದು ಅತ್ತಳು. ಅವನು ಬಿಡಿಸಿಕೊಳ್ಳಲಿಲ್ಲ.

ಚಿಕಿತ್ಸೆ ಇನ್ನೂ ಮುಗಿದಿಲ್ಲ. ಒಂದೂವರೆ ವರ್ಷ ಬಾಕಿಯಿದೆ, ಅರವತ್ತು ಅರವತ್ತಾಗಿಯೇ ಇದೆ. ಈಗ ಅವಳು ಸೂಜಿಗೆ ಕಿರುಚುತ್ತಾಳೆ, ತಾಯಿಯ ಮೇಲೆ ರೇಗುತ್ತಾಳೆ, ಕಂಪಾಸ್ ಪೆಟ್ಟಿಗೆ ವಾಪಸು ಕೇಳಿ ಇಸಿದುಕೊಂಡಿದ್ದಾಳೆ.

ಆದರೆ ನಾನು ಹೇಳಬೇಕಾದದ್ದು ಆ ದಿನದ್ದೇ. ಅಳು ನಿಂತ ಮೇಲೆ ಅವಳು ಮೊಬೈಲು ತೋರಿಸಿ, ದೊಡ್ಡಪ್ಪನಿಗೆ ಸರಿಯಾಗಿ ಹೇಳು ಎಂದು ಹಿಂದಿಯಲ್ಲಿ ಅಪ್ಪಣೆ ಮಾಡಿದಳು. ಭುಜಂಗ ಅವಳೆದುರಿಗೇ ನಂಬರು ಒತ್ತಿದ. "ಅಣ್ಣಾ, ನಾನ್ ಸುಳ್ಳ್ ಹೇಳಿದೆ. ಎಪ್ಪತ್ತಲ್ಲ, ಅರವತ್ತ್. ಹೆಣ್ಣಿಗೆ ಎಲ್ಲ ಗೊತ್ತಿತ್ತ್." ಆ ಕಡೆ ವಾಸು ಏನು ಹೇಳಿದನೋ, ಫೋನನ್ನು ಮಗಳ ಕಿವಿಗೆ ಹಿಡಿದ.

ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮೂರು ವರ್ಷ ಭಾನುವಾರದ ತರಗತಿಯಲ್ಲಿ ನಾನು ಬಾಯಿ ಬಿಡಿಸಲಾಗದ ಹುಡುಗಿ ಆಮೇಲೆ ತನ್ನ ಮೊದಲ ಕನ್ನಡ ಮಾತು ಆಡಿದಳು.

"ದೊಡ್ಡಪ್ಪಾ, ನಂಗೆ ಹೆದ್ರಿಕೆ ಆತ್ತ್."