ರುಚಿಗೆ ಕುಡಿದವರು

ಸಣ್ಣ ಗಾಜಿನ ಲೋಟಕ್ಕೆ ಮೂಗು ಇಳಿಸಿದರೆ ಸರ್ ಅವರ ಹೊಳ್ಳೆಗಳು ಹೋರಿಯ ಹೊಳ್ಳೆಯಂತೆ ಅರಳುತ್ತಿದ್ದವು. ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿ, ಚರ್ಚಾಸ್ಪರ್ಧೆಗೆ ತಯಾರು ಮಾಡಿದವರು ಅವರೇ. "ಎದುರಿನವ ಹೇಳಿದ್ದನ್ನ ಮೊದಲು ಮೂಸಿ ನೋಡು" ಎಂದು ಕಲಿಸಿದವರನ್ನೇ ನಾನು ಬಿ.ಎ. ಮುಗಿಸಿ ಬಂದಮೇಲೆ ಮೂಸತೊಡಗಿದೆ. ವೈಷ್ಣವರ ಮನೆ, ಅಂಗಳದಲ್ಲಿ ತುಳಸಿ, ಒಳಗೆ ಕಪಾಟಿನಲ್ಲಿ ಪೋರ್ಟ್ ವೈನು. ಅನುಮಾನ ಬರದೆ ಇರುತ್ತದೆಯೇ?

ಬಾಟಲಿ ಬರುತ್ತಿದ್ದದ್ದು ಗೋವಾದ ಒಬ್ಬ ಹಳೆಯ ಗೆಳೆಯನಿಂದ. ಪೋರ್ತುಗೀಜರ ಕಾಲದ ಸರಕು, ಕಟ್ಟಿಗೆಯ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತು ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿದ್ದು ಎನ್ನುತ್ತಿದ್ದರು. ರವಿವಾರಕ್ಕೆ ಒಂದೇ ಲೋಟ ಎಂದೂ ಹೇಳುತ್ತಿದ್ದರು. ಎರಡನ್ನೂ ನಾನು ನಂಬಲಿಲ್ಲ. ಹೋದಾಗಲೆಲ್ಲ ಬಾಟಲಿಯ ಮಟ್ಟವನ್ನು ಕಣ್ಣಲ್ಲೇ ಅಳೆಯುತ್ತಿದ್ದೆ. ಲೋಟದ ಮಾತಂತೂ ಖರೇ ಇತ್ತು.

"ಸುಟ್ಟ ಸಕ್ಕರಿ ಹಾಕಿ ಬಣ್ಣ ಬರಿಸಿದ್ರ ನಿಮಗ ಹೆಂಗ ಗೊತ್ತಾಗ್ತದ್ರಿ ಸರ್?"

ಅವರಿಗೆ ಸಿಟ್ಟು ಬರಲಿಲ್ಲ. "ಛಲೋ ಕೇಳ್ದಿ. ಕುಡದ ನೋಡು. ನುಂಗೂ ಮುಂದ ಅವಸರ ಮಾಡಬ್ಯಾಡ."

ಬೆರಳಷ್ಟು ಸುರಿದರು. ಮೊದಲು ಒಣದ್ರಾಕ್ಷಿ, ಆಮೇಲೆ ಹುರಿದ ಶೇಂಗಾ, ಅದರ ಹಿಂದೆ ಹಳೆಯ ಬೆಲ್ಲದ ಸಣ್ಣ ಕಹಿ. ನುಂಗಿ ಎಷ್ಟೋ ಹೊತ್ತಾದರೂ ಬಾಯಲ್ಲಿ ಅದು ಬದಲಾಗುತ್ತಲೇ ಇತ್ತು.

"ಬರೇ ಸಕ್ಕರಿ ಬಣ್ಣ ಇದ್ರ ಒಂದ ಮಾತು ಹೇಳಿ ಸುಮ್ಮನಾಗ್ತಿತ್ತು. ಇದು ಇನ್ನೂ ಮಾತಾಡ್ಲಿಕ್ಕತ್ತದ ನೋಡು."

ದ್ರಾಕ್ಷಿರಸ ಹುದುಗುತ್ತಿರುವಾಗ, ಸಿಹಿ ಪೂರ್ತಿ ಹೋಗುವ ಮೊದಲೇ ದ್ರಾಕ್ಷಿಯದೇ ಸಾರಾಯಿ ಸುರಿದು ಹುದುಗು ನಿಲ್ಲಿಸುತ್ತಾರೆ. ಸಿಹಿ ಉಳಿಯುವುದೂ, ಕೆಡದೆ ಬಾಳುವುದೂ ಅದಕ್ಕೇ ಎಂದು ತಿಳಿಸಿದರು. ಒಪ್ಪಿದೆ ಎಂದು ನಾನು ಹೇಳಲಿಲ್ಲ. ಮುಂದಿನ ರವಿವಾರ ಮತ್ತೆ ಹೋದೆ.

ಊರಿಗೂ ಮೂಗಿತ್ತು. ಶಾಲೆಯ ಆಡಳಿತ ಮಂಡಳಿ ಸರ್ ಅವರನ್ನು ವಿಚಾರಣೆಗೆ ಕರೆಯಿತು. ಅವರಿಗೆ ಹೊಲವಿಲ್ಲ, ಮನೆ ಬಾಡಿಗೆಯದು, ನೌಕರಿ ಹೋದರೆ ಮುಗಿಯಿತು. ನಾನು ವಾದ ಕಟ್ಟಿಕೊಟ್ಟೆ. "ಬಾಣಂತ್ಯಾರಿಗೆ ಡಾಕ್ಟರ್ರ ಇದನ್ನ ಬರಕೊಡ್ತಾರ್ರಿ. ಔಷಧ ಅಂದಬಿಡ್ರಿ."

"ನನಗೇನು ರೋಗ ಅದನೋ?"

"ವಯಸ್ಸಾಗೇದಲ್ರಿ."

ನಕ್ಕರು.

ವಿಚಾರಣೆಯ ದಿನ ನಾನು ಕಿಟಕಿಯ ಹೊರಗೆ ನಿಂತಿದ್ದೆ. ಮಂಡಳಿಯ ಅಧ್ಯಕ್ಷರು ಮನಗೂಳಿಯ ಅರಳೆ ವ್ಯಾಪಾರಿ, ಕೆಟ್ಟವರಲ್ಲ. "ಮಾಸ್ತರ್ರ, ಮನ್ಯಾಗ ದಾರೂ ಐತೇನ್ರಿ?"

"ಅದ್ರಿ."

"ನಮ್ಮ ಸೊಸಿ ಹಡದಾಗ ನಾವೂ ತಂದಿದ್ವಿ. ನೀವೂ ಔಷಧಕ್ಕಂತನ ಇಟ್ಟಿರಬೇಕು. ಹೌದಲ್ರಿ?"

ಪಾರಾಗುವ ದಾರಿಯನ್ನು ಅವರೇ ತೋರಿಸುತ್ತಿದ್ದರು. ಒಂದು ಹೌದು ಸಾಕಿತ್ತು.

"ಇಲ್ರಿ. ರುಚಿ ಛಲೋ ಅದ ಅಂತ ಕುಡೀತೇನ್ರಿ."

ಅಧ್ಯಕ್ಷರು ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. ವಾರದೊಳಗೆ ನೌಕರಿ ಹೋಯಿತು.

ಇಂಡಿ ಊರಿನಲ್ಲಿ ತಂಗಿಯ ಮನೆಯಲ್ಲಿದ್ದು ಟ್ಯೂಶನ್ ಹೇಳುವುದೆಂದು ಹೊರಟರು. ಅವರ ಟ್ರಂಕನ್ನು ಬಸ್ಸಿಗೆ ಏರಿಸಿದವನು ನಾನೇ. ಸಿಟ್ಟು ತಡೆಯಲಾಗಲಿಲ್ಲ. "ಒಂದ ಮಾತಿಗೆ ನೌಕರಿ ಕಳಕೊಂಡ್ರಿ. ನನ್ನ ವಾದದಾಗ ಏನು ಕಮ್ಮಿ ಇತ್ರಿ?"

"ಏನೂ ಕಮ್ಮಿ ಇರಲಿಲ್ಲೋ ತಮ್ಮಾ. ಗೆಲ್ತಿತ್ತು. ಆಮ್ಯಾಲೆ ಪ್ರತಿ ರವಿವಾರ ನಾನು ಔಷಧಾನ ಕುಡೀಬೇಕಾಗ್ತಿತ್ತು."

ಹೋದ ಚಳಿಗಾಲ ಅವರು ತೀರಿಕೊಂಡ ಸುದ್ದಿ ಬಂತು. ಅವರು ಮಾಡಿದ್ದು ಸರಿಯೆಂದು ನಾನು ಇವತ್ತಿಗೂ ಒಪ್ಪಿಲ್ಲ. ಆದರೆ ಈಗ ವಕೀಲಿ ಓದುತ್ತಿರುವಾಗ ಗೆಲ್ಲುವಂಥ ವಾದ ಹೊಳೆಯಿತೆಂದರೆ, ನನಗೆ ಮೊದಲು ಅನುಮಾನ ಬರುವುದು ಅದರ ಮೇಲೆಯೇ.